ಗಾಜಿನಲ್ಲಿ ಲೇಸರ್ ಬೆಳಕಿನ ತರಂಗಾಂತರವನ್ನು ಅರ್ಧಕ್ಕಿಳಿಸುವುದು: ಇಳುವರಿ ಹೆಚ್ಚಿಸುವ ಬಗೆ

1064 ನ್ಯಾನೋಮೀಟರಿನ ಅವಗೆಂಪು ಲೇಸರ್ ಬೆಳಕನ್ನು 532 ನ್ಯಾನೋಮೀಟರಿನ ಹಸಿರಾಗಿಸುವ ಕೆಲಸವನ್ನು ಸಾಮಾನ್ಯವಾಗಿ ಹರಳುಗಳಿಗೇ ವಹಿಸಲಾಗುತ್ತದೆ. ಗಾಜಿಗೆ ಈ ಕೆಲಸ ಸ್ವಭಾವತಃ ಒಗ್ಗದು. 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನ 694.3 ನ್ಯಾನೋಮೀಟರ್ ಕೆಂಪು ಬೆಳಕಿನಿಂದ ಅದರ ಅರ್ಧ ತರಂಗಾಂತರದ ನೇರಳಾತೀತ ಬೆಳಕನ್ನು ಮೊದಲ ಬಾರಿಗೆ ಹೊರಡಿಸಿದ್ದು ಕ್ವಾರ್ಟ್ಜ್ ಹರಳಿನಲ್ಲಿ. ಅದೇ ಕ್ವಾರ್ಟ್ಜನ್ನು ಕರಗಿಸಿ ಗಾಜಾಗಿಸಿದ್ದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಎರಡೂ ಸಿಲಿಕಾನ್ ಡೈಆಕ್ಸೈಡೇ ಆದರೂ ಗಾಜಿನಲ್ಲಿ ಅಣುಗಳ ಜೋಡಣೆಗೆ ದಿಕ್ಕಿಲ್ಲ, ಯಾವ ಕಡೆಯಿಂದ ನೋಡಿದರೂ ಸರಾಸರಿಯಲ್ಲಿ ಅದು ಒಂದೇ. ಆದ್ದರಿಂದ ಒಂದು ಮೂಲೆಯಲ್ಲಿ ಹುಟ್ಟಿದ ಇಮ್ಮಡಿ ಆವರ್ತನದ ಅಲೆಯನ್ನು ಇನ್ನೊಂದು ಮೂಲೆಯಲ್ಲಿ ಹುಟ್ಟಿದ್ದು ಅಳಿಸಿಹಾಕುತ್ತದೆ. (ಫ್ರಾಂಕೆನ್ ತಂಡಕ್ಕೆ ಸಿಕ್ಕ ಸಂಕೇತವೂ ಎಷ್ಟು ಕ್ಷೀಣವಾಗಿತ್ತೆಂದರೆ, ಛಾಯಾಫಲಕದ ಮೇಲಿನ ಆ ಚುಕ್ಕೆಯನ್ನು ಮುದ್ರಣದ ಹೊತ್ತಿಗೆ ಕೊಳೆಯೆಂದು ಬಗೆದು ತೆಗೆದುಬಿಟ್ಟರು; ಪ್ರಕಟವಾದ ಚಿತ್ರದಲ್ಲಿ ಬಾಣದ ಗುರುತು ಮಾತ್ರ ಉಳಿದಿದೆ, ಅದು ತೋರಿಸಬೇಕಾದ ಚುಕ್ಕೆಯಿಲ್ಲ.)

ಗಾಜಿಗೆ ದಿಕ್ಕನ್ನು ನಾವೇ ಕೊಡಬಹುದು. 1991ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಮೈಯರ್ಸ್, ಮುಖರ್ಜಿ ಮತ್ತು ಬ್ರೂಕ್ ಅವರು ಕರಗಿಸಿದ ಸಿಲಿಕಾ ಗಾಜನ್ನು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ಕೆಲವು ಸಾವಿರ ವೋಲ್ಟ್ ಹಚ್ಚಿ, ಆ ವೋಲ್ಟೇಜ್ ಇರುವಾಗಲೇ ತಣಿಸಿದರು. ಧನಾಗ್ರ ತಾಗಿದ ಮೇಲ್ಮೈಯ ಕೆಳಗೆ ಕೆಲವೇ ಮೈಕ್ರಾನ್ ದಪ್ಪದ ಪದರದಲ್ಲಿ ವೋಲ್ಟಿಗೆ 1 ಪಿಕೋಮೀಟರಿನಷ್ಟು ಎರಡನೆಯ ದರ್ಜೆಯ ಅರೇಖೀಯ ಗುಣ, ಅಂದರೆ ಬೆಳಕಿನ ಆವರ್ತನವನ್ನು ಇಮ್ಮಡಿಸುವ ಗುಣ, ಉಳಿದುಕೊಂಡಿತು. ಈ ವಿಧಾನಕ್ಕೆ ಥರ್ಮಲ್ ಪೋಲಿಂಗ್ ಎಂದು ಹೆಸರು.

ಇಲ್ಲಿ ಒಂದು ಹೋಲಿಕೆಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಲೇಸರಿನಿಂದ ಪರಮಾಣು ಸಮ್ಮಿಲನದ ಪ್ರಯೋಗ ನಡೆಸುವ ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ ನಿಯೋಡಿಮಿಯಮ್ ಗಾಜಿನಲ್ಲಿ ಬಲಗೊಂಡ 1053 ನ್ಯಾನೋಮೀಟರಿನ ಬೆಳಕನ್ನು 351 ನ್ಯಾನೋಮೀಟರಿಗೆ ಇಳಿಸಲು ಕೆಡಿಪಿ (ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್) ಜಾತಿಯ ಹರಳುಗಳನ್ನು ಬಳಸುತ್ತಾರೆ. ಆ ಕೆಡಿಪಿಯ ಗುಣಾಂಕ ವೋಲ್ಟಿಗೆ 0.4 ಪಿಕೋಮೀಟರಿನಷ್ಟು ಮಾತ್ರ, ಅಂದರೆ ಚೆನ್ನಾಗಿ ಪೋಲಿಂಗ್ ಆದ ಗಾಜಿಗಿಂತ ದೊಡ್ಡದೇನಲ್ಲ. ಹಾಗಿದ್ದೂ ಹರಳು ಬೆಳಕಿನ ಬಹುಪಾಲನ್ನು ಬದಲಿಸುತ್ತದೆ, ಗಾಜು ಬದಲಿಸುವುದಿಲ್ಲ. ಪರಿವರ್ತನೆಯ ಇಳುವರಿ ಗುಣಾಂಕದ ವರ್ಗಕ್ಕೆ, ಬೆಳಕು ಹೆಜ್ಜೆ ತಪ್ಪದೆ ಸಾಗಿದ ಉದ್ದದ ವರ್ಗಕ್ಕೆ ಮತ್ತು ಬೆಳಕಿನ ತೀವ್ರತೆಗೆ ಅನುಗುಣವಾಗಿ ಬೆಳೆಯುತ್ತದೆ. ಗಾಜು ಸೋಲುವುದು ಈ ಮೂರರಲ್ಲಿ ಎರಡನೆಯದರಲ್ಲಿ. ಲೆಕ್ಕ ಹಾಕಿ ನೋಡಿ: 5 ಮೈಕ್ರಾನ್ ದಪ್ಪದ ಪದರದ ಮೂಲಕ ಚದರ ಸೆಂಟಿಮೀಟರಿಗೆ 100 ಕೋಟಿ ವ್ಯಾಟ್ ತೀವ್ರತೆಯ 1064 ನ್ಯಾನೋಮೀಟರ್ ಬೆಳಕನ್ನು ಹಾಯಿಸಿದರೂ ಹಸಿರಾಗುವುದು ಕೋಟಿಯಲ್ಲಿ ಕೆಲವೇ ಪಾಲು. ವೋಲ್ಟೇಜನ್ನು ಇಮ್ಮಡಿಗೊಳಿಸಿ, ಗುಣಾಂಕವೂ ಹಾಗೆಯೇ ಇಮ್ಮಡಿಯಾಯಿತೆಂದು ಉದಾರವಾಗಿ ಒಪ್ಪಿಕೊಂಡರೂ, ಸಿಗುವುದು ನಾಲ್ಕು ಪಟ್ಟು. ಉದ್ದವನ್ನು ಮೈಕ್ರಾನಿನಿಂದ ಸೆಂಟಿಮೀಟರಿಗೆ ಒಯ್ದರೆ ಸಿಗುವುದು ಲಕ್ಷಾಂತರ ಪಟ್ಟು. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರು ವಾರಗಟ್ಟಲೆ ವೋಲ್ಟೇಜಿನ ಹಿಂದೆ ಓಡುವುದನ್ನು ನೋಡಿದ್ದೇನೆ, ನಾನೂ ಓಡಿದ್ದೇನೆ. ಆ ಶ್ರಮವನ್ನು ಉದ್ದಕ್ಕೆ ಹಾಕಬೇಕು ಎಂಬುದೇ ಈ ಬರಹದ ಮಾತು. ಆದರೂ ಪೋಲಿಂಗ್ ಸರಿಯಾಗದೆ ಮುಂದಿನದೇನೂ ಇಲ್ಲವಾದ್ದರಿಂದ ಅಲ್ಲಿಂದಲೇ ತೊಡಗೋಣ.

ಗಾಜು ಮತ್ತು ಅದರೊಳಗಿನ ಸೋಡಿಯಂ

ಪೋಲಿಂಗ್ ನಡೆಸಿಕೊಡುವುದು ಗಾಜಿನಲ್ಲಿರುವ ಕಲ್ಮಶ, ಮುಖ್ಯವಾಗಿ ಸೋಡಿಯಂ ಅಯಾನು. ಕಾದ ಗಾಜಿನಲ್ಲಿ ಸೋಡಿಯಂ ಅಯಾನುಗಳು ಧನಾಗ್ರವನ್ನು ಬಿಟ್ಟು ಋಣಾಗ್ರದ ಕಡೆಗೆ ಸರಿಯುತ್ತವೆ. ಅವು ಬಿಟ್ಟುಹೋದ ಜಾಗದಲ್ಲಿ ಕದಲಲಾರದ ಋಣ ಆವೇಶ ಉಳಿಯುತ್ತದೆ, ಮತ್ತು ಹಚ್ಚಿದ ವೋಲ್ಟೇಜಿನ ಹೆಚ್ಚುಕಡಿಮೆ ಎಲ್ಲವೂ ಆ ತೆಳುಪದರದ ಮೇಲೆಯೇ ಬೀಳುತ್ತದೆ. 4000 ವೋಲ್ಟ್ 5 ಮೈಕ್ರಾನಿನ ಮೇಲೆ ಬಿದ್ದರೆ ಮೀಟರಿಗೆ 80 ಕೋಟಿ ವೋಲ್ಟಿನ ಕ್ಷೇತ್ರವಾಗುತ್ತದೆ. ಗಾಜಿನ ಸಹಜವಾದ ಮೂರನೆಯ ದರ್ಜೆಯ ಗುಣವು ಈ ಹೆಪ್ಪುಗಟ್ಟಿದ ಕ್ಷೇತ್ರದೊಡನೆ ಸೇರಿ ಎರಡನೆಯ ದರ್ಜೆಯ ಗುಣದಂತೆ ವರ್ತಿಸುತ್ತದೆ.

ಆದ್ದರಿಂದ ಅತಿ ಶುದ್ಧವಾದ ಗಾಜೇ ಅತ್ಯುತ್ತಮ ಎಂಬ ಸಹಜ ಎಣಿಕೆ ಇಲ್ಲಿ ತಪ್ಪು. ನೈಸರ್ಗಿಕ ಕ್ವಾರ್ಟ್ಜನ್ನು ಕರಗಿಸಿ ಮಾಡಿದ, ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಸೋಡಿಯಂ ಇರುವ ಇನ್ಫ್ರಾಸಿಲ್ ಬಗೆಯ ಗಾಜು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಂಶ್ಲೇಷಿತ ಸಿಲಿಕಾದಲ್ಲಿ ಅದೇ ಬಿಸಿ, ಅದೇ ವೋಲ್ಟೇಜಿಗೆ ಫಲ ತೀರ ಸಪ್ಪೆಯಾಗಿರುತ್ತದೆ. ಇತ್ತ ಕಿಟಕಿಯ ಗಾಜಿನಂಥ ಸೋಡಾ ಗಾಜಿನಲ್ಲಿ ಸೋಡಿಯಂ ತುಂಬಿ ತುಳುಕುವುದರಿಂದ ಪದರ ಬಹಳ ತೆಳ್ಳಗಾಗುತ್ತದೆ, ಕಾದಾಗ ವಿದ್ಯುತ್ ಹರಿವೂ ಹೆಚ್ಚು. ಟೆಲ್ಯುರೈಟ್, ಚಾಲ್ಕೋಜನೈಡ್ ಮುಂತಾದ ಭಾರದ ಗಾಜುಗಳ ಮೂಲ ಗುಣ ಸಿಲಿಕಾದ್ದಕ್ಕಿಂತ ದೊಡ್ಡದೇ, ಆದರೆ ಅವು ಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಸಿಲಿಕಾಕ್ಕೆ ಸಾಟಿಯಲ್ಲ. ಮೊದಲ ಬಾರಿಗೆ ಮಾಡುವವರು ಸಿಲಿಕಾ ಬಿಟ್ಟು ಕದಲಬಾರದು.

ಪೋಲಿಂಗ್ ಮಾಡುವ ಕ್ರಮ

1 ಮಿಲಿಮೀಟರ್ ದಪ್ಪದ, ಎರಡೂ ಮೈ ಪಾಲಿಶ್ ಆದ, 40 ಮಿಲಿಮೀಟರ್ ಅಗಲದ ಫಲಕ ತೆಗೆದುಕೊಳ್ಳಿ. ಅಸಿಟೋನಿನಲ್ಲೂ ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲೂ ತೊಳೆದು ಒಣಗಿಸಿ, ಕೈಗವಸಿಲ್ಲದೆ ಮುಟ್ಟಬೇಡಿ. ಬೆರಳಿನ ಬೆವರಿನಲ್ಲಿರುವ ಉಪ್ಪೂ ಸೋಡಿಯಮ್ಮೇ ಎಂಬುದನ್ನು ಮರೆಯಬಾರದು. ಧನಾಗ್ರ ತಾಗುವ ಮೈ ಯಾವುದೆಂದು ಮೂಲೆಯಲ್ಲಿ ಈಗಲೇ ಗೀರಿ ಗುರುತು ಹಾಕಿ, ಏಕೆಂದರೆ ಪೋಲಿಂಗ್ ಆದ ಮೇಲೆ ಎರಡು ಮೈಗಳಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿರುವುದಿಲ್ಲ. ವಿದ್ಯುದಗ್ರಗಳಾಗಿ ಪಾಲಿಶ್ ಆದ ಸಿಲಿಕಾನ್ ಬಿಲ್ಲೆಯ ತುಂಡುಗಳನ್ನು ಒತ್ತಿ ಕೂರಿಸಬಹುದು, ಅಥವಾ ಅಲ್ಯೂಮಿನಿಯಂ ಲೇಪಿಸಬಹುದು. ಅವುಗಳ ಅಗಲ 20 ಮಿಲಿಮೀಟರ್ ಮೀರದಿರಲಿ. ಸುತ್ತಲೂ ಉಳಿಯುವ 10 ಮಿಲಿಮೀಟರ್ ಅಂಚು ದಂಡವೆನಿಸಬಹುದು, ಆದರೆ 280 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಕೋಣೆಯ ಗಾಳಿಯ ಅರ್ಧದಷ್ಟಕ್ಕೆ ಇಳಿದಿರುವುದರಿಂದ ಅಂಚಿನ ಮೇಲಿಂದ ಕಿಡಿ ಹಾರುವುದು ಸುಲಭ, ಹಾಗೆ ಒಮ್ಮೆ ಹಾರಿದರೆ ಆ ಫಲಕದ ಕಥೆ ಮುಗಿದಂತೆ.

ವೋಲ್ಟೇಜ್ ಮೂಲಕ್ಕೂ ಮಾದರಿಗೂ ನಡುವೆ ಹೆಚ್ಚಿನ ವೋಲ್ಟೇಜನ್ನು ತಾಳಬಲ್ಲ 10 ಮೆಗಾಓಮಿನ ರೋಧಕವನ್ನು ಕಡ್ಡಾಯವಾಗಿ ಹಾಕಬೇಕು. ಎಂದಿನ ಮೈಕ್ರೋಆಂಪಿಯರ್ ಪ್ರವಾಹಕ್ಕೆ ಅದರ ಮೇಲೆ ಬೀಳುವುದು ಹತ್ತಾರು ವೋಲ್ಟ್ ಮಾತ್ರ, ಆದರೆ ಕಿಡಿ ಹಾರಿದಾಗ ಪ್ರವಾಹವನ್ನು ಅದು 0.4 ಮಿಲಿಆಂಪಿಯರಿಗೆ ತಡೆಯುತ್ತದೆ. ಒಲೆಯ ಬಾಗಿಲು ತೆರೆದೊಡನೆ ವೋಲ್ಟೇಜ್ ಕಡಿಯುವ ಇಂಟರ್‌ಲಾಕ್ ಇರಲಿ. ಮಾದರಿಯನ್ನು ಮುಟ್ಟುವ ಮೊದಲು ಎರಡೂ ವಿದ್ಯುದಗ್ರಗಳನ್ನು ನೆಲಕ್ಕೆ ಜೋಡಿಸಿ.

ಫಲಕವನ್ನು 280 ಡಿಗ್ರಿಗೆ ಕಾಯಿಸಿ, ಹತ್ತು ನಿಮಿಷ ಬಿಟ್ಟು, 4000 ವೋಲ್ಟನ್ನು ಒಂದೆರಡು ನಿಮಿಷಗಳಲ್ಲಿ ಮೆಲ್ಲಗೆ ಏರಿಸಿ. ಪ್ರವಾಹವನ್ನು ಕಾಲದೊಡನೆ ದಾಖಲಿಸುತ್ತ ಹೋಗಿ, ಏಕೆಂದರೆ ಮುಚ್ಚಿದ ಒಲೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿಸುವುದು ಅದೊಂದೇ. ಆರಂಭದಲ್ಲಿ ಪ್ರವಾಹ ಹೆಚ್ಚಿದ್ದು, ಸೋಡಿಯಂ ಬರಿದಾದ ಪದರ ರೂಪುಗೊಳ್ಳುತ್ತಿದ್ದಂತೆ ಕುಸಿದು, ಕೊನೆಗೆ ನಿಧಾನವಾಗಿ ಇಳಿಯುವ ಬಾಲದಂತಾಗುತ್ತದೆ. ಕುಸಿಯದಿದ್ದರೆ ಅಂಚಿನಲ್ಲಿ ಸೋರಿಕೆಯಿದೆ. ಮುಳ್ಳಿನಂತೆ ಜಿಗಿಯುತ್ತಿದ್ದರೆ ಎಲ್ಲೋ ಕಿಡಿ ಹಾರುತ್ತಿದೆ.

ಎಷ್ಟು ಹೊತ್ತು ಎಂಬುದೇ ಇಲ್ಲಿ ಬಿಗಿಯಾದ ಪ್ರಶ್ನೆ. ಹೆಚ್ಚು ಹೊತ್ತಿಟ್ಟರೆ ಹೆಚ್ಚು ಫಲ ಎಂದಲ್ಲ. ಸಮಯ ಹೋದಂತೆ ಗಾಳಿಯ ತೇವದಿಂದ ಬಂದ ಹೈಡ್ರೋಜನ್ ಸಂಬಂಧಿ ಅಯಾನುಗಳು ಧನಾಗ್ರದ ಕಡೆಯಿಂದ ಒಳನುಗ್ಗಿ ಸೋಡಿಯಂ ತೆರವು ಮಾಡಿದ ಜಾಗವನ್ನು ತುಂಬುತ್ತವೆ; ಪದರ ಅಗಲವಾಗುತ್ತ ಆಳಕ್ಕೆ ಇಳಿಯುತ್ತದೆ, ಅದೇ ವೋಲ್ಟೇಜ್ ಹೆಚ್ಚು ದಪ್ಪಕ್ಕೆ ಹಂಚಿಹೋಗಿ ಕ್ಷೇತ್ರ ಸಡಿಲವಾಗುತ್ತದೆ. ಹಾಗಾಗಿ ಒಂದೇ ಫಲಕದಿಂದ ಕತ್ತರಿಸಿದ ನಾಲ್ಕು ತುಂಡುಗಳನ್ನು 5, 10, 20 ಮತ್ತು 40 ನಿಮಿಷ ಪೋಲಿಂಗ್ ಮಾಡಿ ಹೋಲಿಸುವುದು ಯಾರದೋ ಅಂಕಿಯನ್ನು ನಂಬುವುದಕ್ಕಿಂತ ಮೇಲು. ಮಳೆಗಾಲದ ಮಾದರಿಯೂ ಬೇಸಿಗೆಯ ಮಾದರಿಯೂ ಒಂದಕ್ಕೊಂದು ತಾಳೆಯಾಗಬೇಕಿದ್ದರೆ ಒಲೆಯೊಳಗೆ ಒಣ ನೈಟ್ರೋಜನ್ ಹರಿಸಿ. ಅವಧಿ ಮುಗಿದ ಮೇಲೆ ಒಲೆಯನ್ನು ಆರಿಸಿ, ವೋಲ್ಟೇಜನ್ನು ಆರಿಸಬೇಡಿ. ಫಲಕ 50 ಡಿಗ್ರಿಗಿಂತ ಕೆಳಗಿಳಿದ ಬಳಿಕವೇ ವೋಲ್ಟೇಜ್ ತೆಗೆಯಬೇಕು. ಬಿಸಿ ಇರುವಾಗಲೇ ತೆಗೆದರೆ ಸರಿದುಹೋಗಿದ್ದ ಸೋಡಿಯಂ ಹಿಂದಿರುಗಿ, ಕಟ್ಟಿದ ಕ್ಷೇತ್ರವೆಲ್ಲ ಕರಗಿಹೋಗುತ್ತದೆ.

ಹಸಿರು ನಿಜವಾಗಿ ಗಾಜಿನದೇ ಎಂದು ಖಚಿತಪಡಿಸಿಕೊಳ್ಳುವುದು

ಪೋಲಿಂಗ್ ಮಾಡಿದ ಫಲಕಕ್ಕೆ ಲೇಸರನ್ನು ನೇರವಾಗಿ, ಲಂಬವಾಗಿ ಹಾಯಿಸಿದರೆ ಏನೂ ಬರುವುದಿಲ್ಲ, ಬರಲೂಬಾರದು. ಹೆಪ್ಪುಗಟ್ಟಿದ ಕ್ಷೇತ್ರ ಫಲಕದ ದಪ್ಪದ ದಿಕ್ಕಿನಲ್ಲಿದೆ, ಬೆಳಕಿನ ವಿದ್ಯುತ್ ಕಂಪನ ಅದಕ್ಕೆ ಅಡ್ಡಲಾಗಿದೆ. ಎರಡಕ್ಕೂ ಸಂಬಂಧ ಏರ್ಪಡಬೇಕಾದರೆ ಫಲಕವನ್ನು ಓರೆಯಾಗಿಸಿ, ಕಂಪನವು ಓರೆಯ ತಲದಲ್ಲೇ ಇರುವಂತೆ ಧ್ರುವೀಕರಣವನ್ನು ಹೊಂದಿಸಬೇಕು. ಆಗ ಫಲಕಾರಿ ಗುಣಾಂಕವು ಗಾಜಿನೊಳಗಿನ ಕೋನದ ಸೈನ್ ಬೆಲೆಯಂತೆ ಏರುತ್ತದೆ. ಹೊರಗಿನಿಂದ 60 ಡಿಗ್ರಿ ಓರೆಯಲ್ಲಿ ಬಂದ ಕಿರಣ ಒಳಗೆ 37 ಡಿಗ್ರಿಯಲ್ಲಷ್ಟೇ ಸಾಗುವುದರಿಂದ ನಮಗೆ ದಕ್ಕುವುದು ಗುಣಾಂಕದ 60 ಶತಾಂಶ, ಸಂಕೇತದ ಲೆಕ್ಕದಲ್ಲಿ ಅದರ ವರ್ಗ, ಅಂದರೆ 36 ಶತಾಂಶ. ಫಲಕವನ್ನು ಎಷ್ಟೇ ಓರೆ ಮಾಡಿದರೂ ಒಳಗಿನ ಕೋನ ಸುಮಾರು 44 ಡಿಗ್ರಿಯನ್ನು ದಾಟದು. ಫಲಕದ ಎರಡೂ ಮೈಗೆ ಸಿಲಿಕಾ ಪ್ರಿಸ್ಮುಗಳನ್ನು, ವಕ್ರೀಭವನಾಂಕ ಹೊಂದುವ ದ್ರವದ ಹನಿಯೊಂದಿಗೆ, ಅಂಟಿಸಿದರೆ ಈ ಮಿತಿ ಹೋಗುತ್ತದೆ. ಹಲವು ದಿನಗಳ ಪೋಲಿಂಗ್ ತಿದ್ದುಪಡಿಗಿಂತ ಹೆಚ್ಚಿನ ಲಾಭವನ್ನು ಅರ್ಧ ಗಂಟೆಯಲ್ಲಿ ಕೊಡುವ ಉಪಾಯವಿದು.

ಮೊದಲ ಬಾರಿ ಹಸಿರು ಕಂಡಾಗ ನಾನು ಹಿಗ್ಗಿ ಮೂರು ದಿನ ಅಳತೆ ತೆಗೆದೆ; ನಾಲ್ಕನೆಯ ದಿನ ಫಲಕವನ್ನೇ ತೆಗೆದಿಟ್ಟರೂ ಹಸಿರು ಹಾಗೆಯೇ ಇತ್ತು. ಲೇಸರ್ ಪೆಟ್ಟಿಗೆಯೊಳಗಿಂದಲೇ ಅಲ್ಪಸ್ವಲ್ಪ 532 ನ್ಯಾನೋಮೀಟರ್ ಸೋರಿ ಬರುತ್ತಿತ್ತು. ಆದ್ದರಿಂದ ಮಾದರಿಯ ಮುಂದೆ ಹಸಿರನ್ನು ತಡೆದು ಅವಗೆಂಪನ್ನು ಬಿಡುವ ಫಿಲ್ಟರ್, ಹಿಂದೆ ಅವಗೆಂಪನ್ನು ತಡೆದು ಹಸಿರನ್ನು ಬಿಡುವ ಫಿಲ್ಟರ್, ಎರಡೂ ಬೇಕು. ಅನಂತರ ಲೇಸರ್ ಶಕ್ತಿಯನ್ನು ಅರ್ಧಕ್ಕಿಳಿಸಿದಾಗ ಹಸಿರು ಕಾಲುಭಾಗಕ್ಕೆ ಇಳಿಯಬೇಕು. ಕಿರಣವನ್ನು ಫಲಕದ ಪೋಲಿಂಗ್ ಆಗದ ಅಂಚಿಗೆ ಸರಿಸಿದಾಗ ಮಾಯವಾಗಬೇಕು. ಗುಣಾಂಕದ ನಿಜವಾದ ಬೆಲೆ ಬೇಕಿದ್ದರೆ ಅದೇ ಜಾಗದಲ್ಲಿ ವೋಲ್ಟಿಗೆ 0.3 ಪಿಕೋಮೀಟರ್ ಗುಣಾಂಕದ ಕ್ವಾರ್ಟ್ಜ್ ಹರಳನ್ನಿಟ್ಟು ಹೋಲಿಸಬೇಕು. ಪದರದ ದಪ್ಪ ತಿಳಿಯಲು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕೊರೆಯುವ ಪದ್ಧತಿಯೂ ಉಂಟು. ಅದಕ್ಕೆಂದೇ ಸಜ್ಜಾದ ಪ್ರಯೋಗಾಲಯವೂ ತರಬೇತಿ ಪಡೆದವರೂ ಇಲ್ಲದಿದ್ದರೆ ಆ ಆಮ್ಲದ ತಂಟೆಗೇ ಹೋಗಬಾರದು. 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣದೆಯೇ ಕಣ್ಣನ್ನು ಸುಡುತ್ತದೆ, ಆ ತರಂಗಾಂತರಕ್ಕೆ ತಕ್ಕ ಕನ್ನಡಕವಿಲ್ಲದೆ ಮೇಜಿನ ಬಳಿ ಯಾರೂ ನಿಲ್ಲಕೂಡದು.

ಉದ್ದ ಮತ್ತು ಹೆಜ್ಜೆ

ಇನ್ನು ಮುಖ್ಯ ವಿಷಯ. ಸಿಲಿಕಾದಲ್ಲಿ 1064 ನ್ಯಾನೋಮೀಟರಿಗೆ ವಕ್ರೀಭವನಾಂಕ 1.4496, 532ಕ್ಕೆ 1.4607. ಹಸಿರು ಅಲೆ ಅದನ್ನು ಹುಟ್ಟಿಸುವ ಅವಗೆಂಪು ಅಲೆಗಿಂತ ನಿಧಾನವಾಗಿ ನಡೆಯುವುದರಿಂದ, ಹೊಸದಾಗಿ ಹುಟ್ಟಿದ ಹಸಿರು ಹಿಂದೆ ಹುಟ್ಟಿದ ಹಸಿರಿನೊಂದಿಗೆ ಹೆಜ್ಜೆ ತಪ್ಪುತ್ತ ಹೋಗಿ, 24 ಮೈಕ್ರಾನ್ ದಾಟಿದೊಡನೆ ಕೂಡುವ ಬದಲು ಕಳೆಯತೊಡಗುತ್ತದೆ. ಹರಳುಗಳಲ್ಲಿ ಎರಡು ಬಗೆಯ ಧ್ರುವೀಕರಣಗಳಿಗೆ ಎರಡು ವಕ್ರೀಭವನಾಂಕಗಳಿರುವುದರಿಂದ ಕೋನ ಹೊಂದಿಸಿ ಈ ತಪ್ಪನ್ನು ತಿದ್ದಬಹುದು. ಗಾಜಿಗೆ ಆ ಅನುಕೂಲವಿಲ್ಲ.

ಉಳಿದಿರುವ ದಾರಿಯನ್ನು ಆರ್ಮ್‌ಸ್ಟ್ರಾಂಗ್, ಬ್ಲೂಂಬರ್ಗೆನ್, ಡ್ಯೂಕ್ವಿಂಗ್ ಮತ್ತು ಪರ್ಶನ್ 1962ರಲ್ಲೇ ತೋರಿಸಿದ್ದರು: ಹೆಜ್ಜೆ ತಪ್ಪುವ ಪ್ರತಿ ಹಂತದಲ್ಲೂ ಗುಣಾಂಕದ ಚಿಹ್ನೆಯನ್ನು ತಿರುಗಿಸಿಬಿಡುವುದು, ಅಥವಾ ಕಡೆಯಪಕ್ಷ ಗುಣಾಂಕವನ್ನು ಅಳಿಸಿಬಿಡುವುದು. 24 ಮೈಕ್ರಾನ್ ಪೋಲಿಂಗ್ ಇರುವ ಗಾಜು, 24 ಮೈಕ್ರಾನ್ ಇಲ್ಲದ್ದು, ಮತ್ತೆ 24 ಇರುವುದು, ಹೀಗೆ 48 ಮೈಕ್ರಾನಿನ ಆವರ್ತನೆ. ಅಳಿಸುವ ಕ್ರಮದಲ್ಲಿ ಚಿಹ್ನೆ ತಿರುಗಿಸುವ ಕ್ರಮದ ಕಾಲುಭಾಗದಷ್ಟೇ ಇಳುವರಿ ಬರುತ್ತದಾದರೂ, ಗಾಜಿನಲ್ಲಿ ಅಳಿಸುವುದು ಎಷ್ಟೋ ಸುಲಭವಾದ್ದರಿಂದ ಬಳಕೆಯಲ್ಲಿರುವುದು ಹೆಚ್ಚಾಗಿ ಅದೇ.

ಇದನ್ನು ಫಲಕದಲ್ಲಿ ಮಾಡಿ ಪ್ರಯೋಜನ ಕಡಿಮೆ. 30 ಮೈಕ್ರಾನ್ ತ್ರಿಜ್ಯಕ್ಕೆ ಕೂಡಿಸಿದ ಕಿರಣ ಗಾಜಿನೊಳಗೆ 4 ಮಿಲಿಮೀಟರ್ ದಾಟುವಷ್ಟರಲ್ಲಿ ಹರಡತೊಡಗುತ್ತದೆ. ಬಿಗಿಯಾಗಿ ಕೂಡಿಸಿದರೆ ಉದ್ದ ಹೋಗುತ್ತದೆ, ಉದ್ದ ಉಳಿಸಿಕೊಂಡರೆ ತೀವ್ರತೆ ಹೋಗುತ್ತದೆ. ಬೆಳಕನ್ನು ಕೆಲವೇ ಮೈಕ್ರಾನಿನ ತಿರುಳಿನಲ್ಲಿ ಎಷ್ಟು ದೂರ ಬೇಕಾದರೂ ಹಿಡಿದಿಡುವುದು ಆಪ್ಟಿಕಲ್ ಫೈಬರ್. ಆದ್ದರಿಂದ ಇಳುವರಿ ಬೇಕೆನ್ನುವವರು ಫಲಕದಲ್ಲಿ ಕಲಿತು ಫೈಬರಿಗೆ ಬರಬೇಕು.

ಇದಕ್ಕೆಂದೇ ಎಳೆದ ಫೈಬರಿನಲ್ಲಿ ಜರ್ಮೇನಿಯಂ ಬೆರೆತ ತಿರುಳಿನ ಇಕ್ಕೆಲದಲ್ಲಿ ಎರಡು ಉದ್ದನೆಯ ರಂಧ್ರಗಳಿರುತ್ತವೆ. ಕೂದಲಿಗಿಂತ ತೆಳ್ಳಗಿನ ಲೋಹದ ತಂತಿಗಳನ್ನು ಆ ರಂಧ್ರಗಳಲ್ಲಿ ತೂರಿಸುವುದು ಇಡೀ ಕೆಲಸದಲ್ಲಿ ತಾಳ್ಮೆಯನ್ನು ಅತಿ ಹೆಚ್ಚು ಪರೀಕ್ಷಿಸುವ ಭಾಗ: ಸೂಕ್ಷ್ಮದರ್ಶಕದ ಕೆಳಗೆ, ಫೈಬರನ್ನು ನೆಟ್ಟಗೆ ಎಳೆದಿಟ್ಟು, ಒಂದೊಂದೇ ಮಿಲಿಮೀಟರ್ ನೂಕುತ್ತ ಹೋಗಬೇಕು, ತಂತಿ ಒಮ್ಮೆ ಮಡಿಚಿಕೊಂಡರೆ ಅದನ್ನು ಬಿಸಾಡಿ ಹೊಸದು ಹಿಡಿಯಬೇಕು. ಒಂದು ತಂತಿಯನ್ನು ಧನಾಗ್ರ, ಇನ್ನೊಂದನ್ನು ಋಣಾಗ್ರ ಮಾಡುವುದು ಹಳೆಯ ಪದ್ಧತಿ. 2009ರಲ್ಲಿ ಮಾರ್ಗುಲಿಸ್ ಮತ್ತು ಸಂಗಡಿಗರು ಎರಡೂ ತಂತಿಗಳನ್ನು ಧನಾಗ್ರವಾಗಿಸಿ, ಫೈಬರಿನ ಹೊರಮೈಯನ್ನೇ ಋಣಾಗ್ರದಂತೆ ಬಿಟ್ಟು, ಅದು ಇನ್ನೂ ಚೆನ್ನಾಗಿ ನಡೆಯುತ್ತದೆಂದು ತೋರಿಸಿದರು. ತಂತಿಗಳ ನಡುವೆ ಕಿಡಿ ಹಾರುವ ಭಯವೇ ಇಲ್ಲದಿರುವುದರಿಂದ ಹೊಸಬರಿಗೆ ನಾನು ಸೂಚಿಸುವುದೂ ಇದನ್ನೇ. ಫಲಕದಲ್ಲಿ ಪದರದ ಆಳ ಎಷ್ಟಿದ್ದರೂ ನಡೆಯುತ್ತಿತ್ತು, ಫೈಬರಿನಲ್ಲಿ ಹಾಗಲ್ಲ: ಕ್ಷೇತ್ರವಿರುವ ಪದರ ತಿರುಳಿನ ಮೇಲೆಯೇ ಬಂದು ನಿಲ್ಲಬೇಕು, ಆದ್ದರಿಂದ ರಂಧ್ರದ ಅಂಚಿನಿಂದ ತಿರುಳಿಗಿರುವ ದೂರವೇ ಪೋಲಿಂಗಿನ ಅವಧಿಯನ್ನು ನಿರ್ಧರಿಸುತ್ತದೆ.

ಹೀಗೆ ಉದ್ದಕ್ಕೂ ಏಕರೂಪವಾಗಿ ಪೋಲಿಂಗ್ ಆದ ಫೈಬರಿನ ಮೇಲೆ 244 ನ್ಯಾನೋಮೀಟರಿನ ನೇರಳಾತೀತ ಲೇಸರ್ ಕಿರಣವನ್ನು ಬಿಟ್ಟುಬಿಟ್ಟು ಹಾಯಿಸಿದರೆ, ಬೆಳಕು ಬಿದ್ದಲ್ಲಿ ಕ್ಷೇತ್ರ ಅಳಿದು ಬೇಕಾದ ಆವರ್ತನೆ ಮೂಡುತ್ತದೆ. ಆವರ್ತನೆಯ ಬೆಲೆಯನ್ನು ಕೇವಲ ಗಾಜಿನ ವಕ್ರೀಭವನಾಂಕದಿಂದ ಲೆಕ್ಕಹಾಕಿ ಕೂರಬಾರದು. 1550 ನ್ಯಾನೋಮೀಟರನ್ನು 775ಕ್ಕೆ ಇಳಿಸಲು ಶುದ್ಧ ಸಿಲಿಕಾದ ಲೆಕ್ಕದಲ್ಲಿ ಸುಮಾರು 79 ಮೈಕ್ರಾನ್ ಬರುತ್ತದೆ, ಆದರೆ ತಿರುಳಿನ ಗಾತ್ರ ಮತ್ತು ಬೆರಕೆ ಇದನ್ನು ಗಣನೀಯವಾಗಿ ಬದಲಿಸುತ್ತವೆ. ಎಷ್ಟು ನಿಖರತೆ ಬೇಕೆಂಬುದನ್ನೂ ನೋಡಿ: 79 ಮೈಕ್ರಾನ್ ಆವರ್ತನೆಯನ್ನು 10 ಸೆಂಟಿಮೀಟರ್ ಉದ್ದಕ್ಕೆ ಬರೆದರೆ, ಸರಾಸರಿ ಆವರ್ತನೆಯಲ್ಲಿ 0.03 ಮೈಕ್ರಾನ್ ತಪ್ಪಾದರೂ ಇಳುವರಿ ಅರ್ಧಕ್ಕಿಳಿಯುತ್ತದೆ. ಸರಾಸರಿಯ ತಪ್ಪನ್ನು ಲೇಸರಿನ ತರಂಗಾಂತರ ಸರಿಸಿಯೋ ಫೈಬರನ್ನು ಕಾಯಿಸಿಯೋ ಅಲ್ಪ ಎಳೆದೋ ತಿದ್ದಿಕೊಳ್ಳಬಹುದು. ತಿದ್ದಲಾಗದ್ದು ತಿರುಳಿನ ವ್ಯಾಸವೇ ಉದ್ದಕ್ಕೂ ಹೆಚ್ಚುಕಡಿಮೆಯಾಗುವ ದೋಷ; ಆಗ ಫೈಬರಿನ ಒಂದೊಂದು ಭಾಗ ಒಂದೊಂದು ತರಂಗಾಂತರಕ್ಕೆ ಹೊಂದಿಕೊಂಡು, ಉದ್ದದ ವರ್ಗದಂತೆ ಏರಬೇಕಾದ ಇಳುವರಿ ಬರೀ ಉದ್ದದಂತೆ ಏರಿ ನಿಲ್ಲುತ್ತದೆ. ಇದನ್ನು ಪತ್ತೆಮಾಡಲು ಲೇಸರಿನ ತರಂಗಾಂತರವನ್ನು ನಿಧಾನವಾಗಿ ಸರಿಸುತ್ತ ಇಳುವರಿಯ ನಕ್ಷೆ ತೆಗೆಯಿರಿ: ನಡುವೆ ಒಂದು ಕಡಿದಾದ ಶಿಖರ, ಅಕ್ಕಪಕ್ಕ ಸಮನಾದ ಪುಟ್ಟ ಗುಡ್ಡಗಳಿದ್ದರೆ ಫೈಬರ್ ಒಳ್ಳೆಯದು. ಶಿಖರ ಅಗಲವಾಗಿ ಒಡೆದು ಎರಡು ಮೂರಾಗಿ ಕಂಡರೆ ಪೋಲಿಂಗನ್ನು ದೂರಬೇಡಿ, ಫೈಬರನ್ನು ತುಂಡರಿಸಿ ಏಕರೂಪವಾದ ಭಾಗವನ್ನಷ್ಟೇ ಉಳಿಸಿಕೊಳ್ಳಿ.

ಈ ದಾರಿಯಲ್ಲಿ 1999ರ ಹೊತ್ತಿಗೇ ಸೌತಾಂಪ್ಟನ್ನಿನ ಪ್ರುನೇರಿ, ಕಜಾನ್ಸ್ಕಿ ಮತ್ತಿತರರು 1532 ನ್ಯಾನೋಮೀಟರಿನ ನ್ಯಾನೋಸೆಕೆಂಡ್ ಮಿಡಿತಗಳಲ್ಲಿ 20 ಶತಾಂಶಕ್ಕೂ ಮಿಗಿಲಾದ ಪರಿವರ್ತನೆಯನ್ನು ಸಾಧಿಸಿದ್ದರು. ಫಲಕದ ಕೋಟಿಯಲ್ಲಿ ಕೆಲವೇ ಪಾಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ವಿದ್ಯುದಗ್ರವೇ ಬೇಡದ ಇನ್ನೊಂದು ದಾರಿಯೂ ಇದೆ. 1986ರಲ್ಲಿ ಓಸ್ಟರ್‌ಬರ್ಗ್ ಮತ್ತು ಮಾರ್ಗುಲಿಸ್ ಅವರು ಸಾಮಾನ್ಯ ಫೈಬರಿಗೆ 1064 ನ್ಯಾನೋಮೀಟರಿನ ಬಲವಾದ ಮಿಡಿತಗಳನ್ನು ಗಂಟೆಗಟ್ಟಲೆ ಹಾಯಿಸುತ್ತ ಕೂತಾಗ ಹಸಿರು ತಾನಾಗಿ ಬೆಳೆದು, ಇನ್ನೊಂದು ಡೈ ಲೇಸರನ್ನು ನಡೆಸುವಷ್ಟಾಯಿತು. ಮರುವರ್ಷ ಸ್ಟೋಲೆನ್ ಮತ್ತು ಟಾಮ್ ಅವರು ಮೊದಲಿಗೆ ತುಸು ಹಸಿರನ್ನೂ ಜೊತೆಗೆ ಕಳಿಸಿ ಆ ಗಂಟೆಗಳನ್ನು ನಿಮಿಷಗಳಿಗೆ ಇಳಿಸಿದರು. ಹಾಲಿಗೆ ಹೆಪ್ಪು ಹಾಕಿದಂತೆ. ಬೆಳಕೇ ತನಗೆ ಬೇಕಾದ ಆವರ್ತನೆಯನ್ನು ಕೊರೆದುಕೊಳ್ಳುವ ಈ ಬಗೆ ಸೊಗಸಾಗಿದ್ದರೂ, ಇಳುವರಿ ಕೆಲವು ಶತಾಂಶಕ್ಕೆ ತಾನೇ ತಣಿದು ನಿಲ್ಲುವುದರಿಂದ ಹೆಚ್ಚಿನದನ್ನು ಬಯಸುವವರಿಗೆ ತಕ್ಕದ್ದಲ್ಲ.

ತೀವ್ರತೆ, ಮತ್ತು ಅದನ್ನು ಎಲ್ಲಿ ನಿಲ್ಲಿಸಬೇಕು

ಸರಾಸರಿ ಶಕ್ತಿ ಅಷ್ಟೇ ಇದ್ದರೂ ಅದನ್ನು ಸಣ್ಣ ಮಿಡಿತಗಳಲ್ಲಿ ಕೂಡಿಹಾಕಿದರೆ ಶಿಖರ ತೀವ್ರತೆ ಹೆಚ್ಚಿ ಇಳುವರಿ ಏರುತ್ತದೆ. ಮಿಡಿತ ತೀರ ಸಣ್ಣದಾಗುವುದೂ ಸಲ್ಲ: ಶುದ್ಧ ಸಿಲಿಕಾದ ಲೆಕ್ಕದಲ್ಲಿ 1550 ಮತ್ತು 775 ನ್ಯಾನೋಮೀಟರಿನ ಮಿಡಿತಗಳು 10 ಸೆಂಟಿಮೀಟರಿನಲ್ಲಿ ಸುಮಾರು 2 ಪಿಕೋಸೆಕೆಂಡಿನಷ್ಟು ಅಗಲಿಬಿಡುತ್ತವೆ, ಅದಕ್ಕಿಂತ ಚಿಕ್ಕ ಮಿಡಿತಕ್ಕೆ ಅಷ್ಟುದ್ದದ ಫೈಬರ್ ವ್ಯರ್ಥ. ಶಕ್ತಿಯನ್ನು ಇನ್ನೂ ಏರಿಸಿದರೆ ಬೇರೆ ಪಾಲುದಾರರು ಬರುತ್ತಾರೆ. ಅವರಲ್ಲಿ ಮೊದಲನೆಯದು 1933ರಿಂದ ಬೆಂಗಳೂರಿನಲ್ಲೇ ನೆಲೆಸಿದ ಸಿ. ವಿ. ರಾಮನ್ ಅವರ ಹೆಸರಿನ ಚದುರಿಕೆ. ಸಿಲಿಕಾದಲ್ಲಿ ಅದು ಬೆಳಕನ್ನು ಸುಮಾರು 13 ಟೆರಾಹರ್ಟ್ಜ್ ಕೆಳಗಿನ ಆವರ್ತನಕ್ಕೆ ಎಳೆದು, ನಮಗೆ ಬೇಕಾದ ದಿಕ್ಕಿಗೆ ತದ್ವಿರುದ್ಧವಾಗಿ ಉದ್ದ ತರಂಗಾಂತರದ ಕಡೆಗೆ ಶಕ್ತಿಯನ್ನು ಒಯ್ಯುತ್ತದೆ. ಮಿಡಿತದ ವರ್ಣಪಟಲ ಸ್ವಯಂ ಅಗಲಗೊಂಡು, ಆವರ್ತನೆ ಒಪ್ಪಿಕೊಳ್ಳುವ ಕಿರಿದಾದ ಪಟ್ಟಿಯ ಹೊರಗೆ ಚೆಲ್ಲುವುದೂ ಇದೇ ಹಂತದಲ್ಲಿ. ಆದ್ದರಿಂದ ಹೊರಬರುವ ಅವಗೆಂಪಿನ ವರ್ಣಪಟಲವನ್ನು ಸದಾ ನೋಡುತ್ತಿರಬೇಕು: ಶಕ್ತಿ ಏರಿಸಿದಾಗ ಇಳುವರಿ ಏರುವುದು ನಿಂತು, ಮೂಲ ರೇಖೆಯ ಪಕ್ಕ 1550ಕ್ಕಾದರೆ 1660ರ ಆಸುಪಾಸಿನಲ್ಲಿ ಹೊಸ ದಿಬ್ಬವೊಂದು ಎದ್ದರೆ, ಅಲ್ಲಿಗೆ ಶಕ್ತಿಯನ್ನು ನಿಲ್ಲಿಸಿ ಮಿಡಿತವನ್ನು ತುಸು ಉದ್ದ ಮಾಡಿ ನೋಡಿ.

ಸಿದ್ಧವಾದ ಮಾದರಿಯನ್ನು ಕತ್ತಲಲ್ಲಿ, ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಒಳ್ಳೆಯ ಸಿಲಿಕಾದಲ್ಲಿ ಕ್ಷೇತ್ರ ವರ್ಷಗಟ್ಟಲೆ ಉಳಿಯುತ್ತದೆ. ಅಂಟು ಬೇಗ ಒಣಗಲೆಂದು ಅದನ್ನು ನೇರಳಾತೀತ ದೀಪದ ಕೆಳಗಿಡುವುದು ಮಾತ್ರ ಬೇಡ. ಆವರ್ತನೆ ಬರೆಯಲು ಅಳಿಸಿದ್ದು ಅದೇ ಬೆಳಕಿನಿಂದ.